ಬಾಗಿಲ ಕಡೆಗೆ ಇಳಿಜಾರು

ಸಾಸ್ವೆಹಳ್ಳಿ
9 ಜೂನ್ 2024

ಬೀಗರಾದ ಪಾಲಣ್ಣನವರಿಗೆ ದುರುಗಮ್ಮನ ನಮಸ್ಕಾರಗಳು. ನಾವೆಲ್ಲ ಚೆನ್ನಾಗಿದ್ದೇವೆ. ಜಗಳೂರಿನಲ್ಲಿ ನೀವೂ ಮನೆಮಂದಿಯೂ ಹಾಗೇ ಇದ್ದೀರಿ ಎಂದುಕೊಂಡಿದ್ದೇನೆ.

ನಮ್ಮ ಎಮ್ಮೆ ಕೊಟ್ಟಿಗೆಯ ಬಾಗಿಲಿಗೆ ಕಾಂಕ್ರೀಟು ಹಾಕಿದಿರಿ, ಕೈ ತೊಳೆದುಕೊಂಡಿರಿ, ಕೊಟ್ಟ ಮಜ್ಜಿಗೆಯನ್ನೂ ಪೂರ್ತಿ ಕುಡಿಯದೆ ಬಸ್ಸು ಹತ್ತಿದಿರಿ. ಬೀಗರು ಬಂದರೆ ಹೋಳಿಗೆ ಊಟ ಮಾಡಿ ಹೋಗಬೇಕು, ಕರಣೆ ಹಿಡಿದು ಬೆವರು ಸುರಿಸಿ ಹೋಗಬಾರದು. "ಬೀಗರನ್ನ ಕೂಲಿಗೆ ಕರೆಸಿದ್ರೇನ್ರೀ?" ಎಂದು ಊರವರು ನನ್ನನ್ನು ಈಗಲೂ ಕೇಳುತ್ತಾರೆ. ಮಗಳ ಮನೆಗೆ ಅಂತ ಅವರೇ ಹಟ ಹಿಡಿದು ಮಾಡಿದರು ಎಂದರೆ ನಂಬುವವರಿಲ್ಲ.

ಕೆಲಸ ನೋಡಿದವರು ಹೊಗಳುತ್ತಾರೆ. ಪಕ್ಕದ ಮನೆಯ ವಿರೂಪಾಕ್ಷಪ್ಪನವರು ಅಡಿಕೆ ತೋಟಕ್ಕೆ ಹೋಗುವಾಗ ನಿಂತು ನೋಡಿ, "ಇದರಾಗೆ ಮುಖ ನೋಡ್ಕಂಡು ತಲೆ ಬಾಚ್ಕಬಹುದು ಬಿಡ್ರಿ" ಅಂದರು. ಹೊಗಳಿದರೋ ಆಡಿಕೊಂಡರೋ ನನಗೆ ತಿಳಿಯಲಿಲ್ಲ. ಅಷ್ಟು ನುಣುಪಾಗಿದೆ.

ಇಲ್ಲಿ ಮಳೆ ಶುರುವಾಗಿದೆ. ಬಾಗಿಲ ಒಳಮೂಲೆಯಲ್ಲಿ ನೀವು ಕಟ್ಟಿದ ತೊಟ್ಟಿ ಮೊದಲ ಮಳೆಗೇ ತುಂಬಿತು. ಅಂಗಳದ ನೀರೆಲ್ಲ ಕಾಂಕ್ರೀಟಿನ ಮೇಲೆ ಜಾರಿಕೊಂಡು, ಯಾರೋ ಕರೆದ ಹಾಗೆ ನೆಟ್ಟಗೆ ಕೊಟ್ಟಿಗೆಯ ಒಳಕ್ಕೇ ಬಂತು. ತೊಟ್ಟಿ ತುಂಬಿದ ಮೇಲೂ ಬರುತ್ತಲೇ ಇತ್ತು. ತುಂಬಿದ ಮೇಲೆ ಉಳಿದ ನೀರು ಎಲ್ಲಿಗೆ ಹೋಗಬೇಕು ಎಂದು ನೀವು ಹೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ.

ಫೋನಿನಲ್ಲೇ ಕೇಳೋಣವೆಂದರೆ ನೀವು ಮೊದಲು ದುಡಿದ ಜಲ್ಲಿ ಕ್ರಷರು ನಿಮ್ಮ ಕಿವಿಯನ್ನು ಯಾವತ್ತೋ ತಿಂದು ಮುಗಿಸಿದೆ. ನಾನು ಕೂಗಿದರೆ ಹೊನ್ನಾಳಿಗೆ ಕೇಳಿಸೀತು, ನಿಮಗೆ ಕೇಳಿಸದು. ಅಂಗನವಾಡಿಯಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸಿದ ಕೈ ಇನ್ನೂ ನಡೆಯುತ್ತದೆ, ಅದಕ್ಕೇ ಈ ಕಾಗದ. ಇದನ್ನು ಅಂಚೆಗೆ ಹಾಕುವವಳು ನಿಮ್ಮ ಮಗಳು ಚೈತ್ರಶ್ರೀಯೇ. ಹಾಕುವ ಮುಂಚೆ ಓದುತ್ತಾಳೆ ಎನ್ನುವುದೂ ನನಗೆ ಗೊತ್ತು. ಆದ್ದರಿಂದ ಎಲ್ಲ ಬಹಳ ಚೆನ್ನಾಗಿದೆ ಎಂದು ಬರೆದು ಮುಗಿಸುತ್ತೇನೆ.

ದುರುಗಮ್ಮ


ಜಗಳೂರು
21 ಜೂನ್ 2024

ಬೀಗಿತ್ತಿ ದುರುಗಮ್ಮನವರಿಗೆ ಪಾಲಣ್ಣನ ಶರಣು.

ಕಾಗದ ತಲುಪಿತು. ಮೊದಲ ಮಳೆಗೇ ತೊಟ್ಟಿ ತುಂಬಿತು ಎನ್ನುವ ಸಾಲನ್ನು ಮತ್ತೆ ಮತ್ತೆ ಓದಿದೆ. ಸಂಜೆ ಕಟ್ಟೆಯ ಮೇಲೆ ಕೂತವರಿಗೂ ಓದಿ ಹೇಳಿದೆ. ನಮ್ಮ ಚಿಕ್ಕಹನುಮಂತಪ್ಪ ನಂಬಲಿಲ್ಲ. "ಬೀಗಿತ್ತಿ ನಿನ್ನ ಮರ್ಯಾದಿ ಉಳಿಸಾಕೆ ಬರೆದವ್ಳೆ ಕಣೋ" ಅಂತ ಕಿವಿಯ ಹತ್ತಿರ ಬಂದು ಕೂಗಿದ. ಕಾಗದವನ್ನು ಅವನ ಕೈಗೇ ಕೊಟ್ಟೆ. ಓದಿ ಒಪ್ಪಿಕೊಂಡ.

ಉಳಿದ ನೀರು ಎಲ್ಲಿಗೆ ಹೋಗಬೇಕು ಎಂದು ಕೇಳಿದ್ದೀರಿ. ನಿಮ್ಮ ತಮಾಷೆ ಅರ್ಥವಾಯಿತು. ನೀರು ಯಾಕೆ ಹೋಗಬೇಕು? ನಮ್ಮ ಬರದ ಸೀಮೆಯಲ್ಲಿ ಅಂಗಳದ ನೀರು ಬೀದಿಗೆ ಹರಿದರೆ ಮನೆ ಕಟ್ಟಿದ ಗಾರೆಯವನನ್ನು ಬೈಯುತ್ತಾರೆ. ನಾನು ಕೆಲಸ ಕಲಿತದ್ದೇ ಹಾಗೆ. ಎಲ್ಲಿ ಕಾಂಕ್ರೀಟು ಹಾಕಿದರೂ ಇಳಿಜಾರು ತೊಟ್ಟಿಯ ಕಡೆಗೆ. ನಿಮ್ಮ ಎಮ್ಮೆ ಬಾಗಿಲು ದಾಟದೆ ನಿಂತಲ್ಲೇ ಮಳೆನೀರು ಕುಡಿಯಲಿ ಎಂದೇ ಇಳಿಜಾರನ್ನು ಬಾಗಿಲ ಕಡೆಗೆ ಕೊಟ್ಟು, ತೊಟ್ಟಿಯನ್ನು ಒಳಗೆ ಕಟ್ಟಿದ್ದು. ಸಾಲದಿದ್ದರೆ ಹೇಳಿ, ಪಕ್ಕದಲ್ಲಿ ಇನ್ನೊಂದು ತೊಟ್ಟಿ ಕಟ್ಟೋಣ.

ನುಣುಪು ಹೋಗದ ಹಾಗೆ ನೋಡಿಕೊಳ್ಳಿ. ಬರೀ ಸಿಮೆಂಟಿನ ಹಾಲು ಎಳೆದು, ಮಂಡಿ ಊರಿ ಕೂತು ತಿಕ್ಕಿದ್ದೇನೆ. ವಾರಕ್ಕೊಮ್ಮೆ ಸೋಪಿನ ನೀರಿನಲ್ಲಿ ತೊಳೆದರೆ ಮಿಂಚು ಉಳಿಯುತ್ತದೆ.

ಮಗ ನನ್ನ ಕರಣೆ, ಮಟ್ಟಗೋಲು ಎಲ್ಲವನ್ನೂ ಅಟ್ಟಕ್ಕೆ ಹಾಕಿದ್ದಾನೆ. "ಸಾಕು ಬಿಡಪ್ಪ, ಕಿವಿ ಕೇಳಲ್ಲ, ಮೇಲಿಂದ ಯಾರಾದ್ರೂ ಕಲ್ಲು ಬಿಟ್ರೂ ನಿಂಗೆ ಗೊತ್ತಾಗಲ್ಲ" ಅನ್ನುತ್ತಾನೆ. ಅವನ ಫೋನು ಕೊಟ್ಟು ಇದರಲ್ಲಿ ಬರೆ ಅನ್ನುತ್ತಾನೆ. ಸಿಮೆಂಟು ತಿಂದ ನನ್ನ ಬೆರಳನ್ನು ಆ ಗಾಜು ಬೆರಳೆಂದೇ ಒಪ್ಪುವುದಿಲ್ಲ. ಪೆನ್ನಾದರೆ ಒಪ್ಪುತ್ತದೆ. ಇರಲಿ, ನನ್ನ ಕೊನೆಯ ಕೆಲಸ ಮಗಳ ಮನೆಯಲ್ಲಿ ನಿಂತಿತು. ಅಷ್ಟು ಸಾಕು.

ಪಾಲಣ್ಣ


ಸಾಸ್ವೆಹಳ್ಳಿ
14 ಜುಲೈ 2024

ಬೀಗರಿಗೆ ನಮಸ್ಕಾರ.

ಸೋಪಿನ ನೀರಿನ ಸಲಹೆ ಓದಿದೆ. ಏನು ಹೇಳಲಿ. ಸದ್ಯಕ್ಕೆ ನೀರಿಗೆ ಕೊರತೆಯಿಲ್ಲ, ಸೋಪೊಂದು ಬಾಕಿ. ಇನ್ನೊಂದು ತೊಟ್ಟಿ ಮಾತ್ರ ದಯವಿಟ್ಟು ಬೇಡ.

ಈಗ ಬರೆಯುತ್ತಿರುವುದು ನಮ್ಮ ವಿಷಯವಲ್ಲ, ವಿರೂಪಾಕ್ಷಪ್ಪನವರ ವಿಷಯ. ಅವರೂ ಕೊಟ್ಟಿಗೆಯ ಬಾಗಿಲಿಗೆ ಕಾಂಕ್ರೀಟು ಹಾಕಿಸಿದ್ದಾರೆ. ಹಾಕಿದವನು ಇಳಿಜಾರನ್ನು ಒಳಕ್ಕೆ ಕೊಟ್ಟುಬಿಟ್ಟಿದ್ದಾನೆ. ಮಳೆ ಹಿಡಿದುಕೊಂಡಿದೆ, ಗದ್ದೆಯೆಲ್ಲ ತುಂಬಿ ಜೌಗು ಅಂಗಳದವರೆಗೆ ಬಂದಿದೆ. ಒಳಗೆ ಕಾಲಿಟ್ಟರೆ ಹಿಮ್ಮಡಿ ಮುಳುಗುತ್ತದೆ. ಹುಲ್ಲು ಕೊಳೆತು ವಾಸನೆ. ಮೇಲೆ ಗಾಜಿನಂಥ ನುಣುಪು. ನಮ್ಮ ಎಮ್ಮೆ, ಅಲ್ಲ, ಅವರ ಎಮ್ಮೆ ಗಬ್ಬವಾಗಿದೆ, ದಸರೆ ಕಳೆಯುವಷ್ಟರಲ್ಲಿ ಕರು ಹಾಕಬೇಕು. ಬಾಗಿಲಿಗೆ ಬಂದು ಕಾಲಿಡಲು ಹೆದರಿ ನಿಂತುಬಿಡುತ್ತದೆ. ಹಿಂದಿನಿಂದ ತಳ್ಳಲೂ ಭಯ, ಜಾರಿದರೆ ಹೊಟ್ಟೆಯಲ್ಲಿರುವುದರ ಗತಿ ಏನು? ಸಾಲದ್ದಕ್ಕೆ ಕಾಂಕ್ರೀಟು ನಡುವೆಯೇ ಸೀಳು ಬಿಟ್ಟಿದೆ.

ಅವರ ಸಂಕಟ ಇಷ್ಟೇ ಅಲ್ಲ. ಕಟ್ಟಿದವನು ಹತ್ತಿರದ ನೆಂಟ, ಪ್ರೀತಿಯಿಂದ ಮಾಡಿಕೊಟ್ಟವನು. ಹೇಳಿದರೆ ನೆಂಟಸ್ತಿಕೆಗೆ ಪೆಟ್ಟು, ಹೇಳದಿದ್ದರೆ ಎಮ್ಮೆಯ ಕಾಲಿಗೆ ಪೆಟ್ಟು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಗಿದೆ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು, ಅಂಥ ದಾರಿ ಏನಾದರೂ ಇದೆಯಾ ಎಂದು ನಿಮ್ಮನ್ನು ಕೇಳಲು ಹೇಳಿದರು. ನೀವು ತಿಳಿದವರು. ಸ್ವಲ್ಪ ಯೋಚಿಸಿ, ಎರಡೆರಡು ಸಲ ಯೋಚಿಸಿ ಬರೆಯಿರಿ.

ದುರುಗಮ್ಮ


ಜಗಳೂರು
29 ಜುಲೈ 2024

ದುರುಗಮ್ಮನವರಿಗೆ ಶರಣು.

ಯಾವ ಕತ್ತೆ ಅದನ್ನು ಕಟ್ಟಿದ್ದು? ಹೆಸರು ಬರೆಯಿರಿ. ನಿಮ್ಮ ಕಾಗದ ಓದಿ ನನಗೆ ರಾತ್ರಿ ಊಟ ಸೇರಲಿಲ್ಲ. ಇಂಥವರಿಂದಲೇ ನಮ್ಮ ಕಸುಬಿಗೆ ಕೆಟ್ಟ ಹೆಸರು. ನಾನೂ ನಿಮ್ಮಲ್ಲಿ ಇಳಿಜಾರನ್ನು ಒಳಕ್ಕೇ ಕೊಟ್ಟಿದ್ದೇನೆ, ಆದರೆ ಅಲ್ಲಿ ನನ್ನ ತೊಟ್ಟಿ ಇದೆ. ಈ ಬುದ್ಧಿವಂತ ತೊಟ್ಟಿಯನ್ನೂ ಕಟ್ಟದೆ ನೀರನ್ನು ಒಳಗೆ ಕರೆದಿದ್ದಾನೆ ನೋಡಿ.

ನೆಂಟ ಅಂತ ಬಾಯಿ ಮುಚ್ಚಿಕೊಂಡರೆ, ಎಮ್ಮೆ ಬಿದ್ದ ದಿನ ನೆಂಟ ಬಂದು ಎತ್ತಿ ನಿಲ್ಲಿಸುತ್ತಾನಾ? ವಿರೂಪಾಕ್ಷಪ್ಪನವರಿಗೆ ನಾನು ಹೇಳಿದೆ ಎಂದೇ ಹೇಳಿ. ತೇಪೆ ಹಾಕಬೇಡಿ, ಪೂರ್ತಿ ಒಡೆಸಿ. ನಿಮ್ಮ ಕಡೆ ಗದ್ದೆಯ ಜಿಗುಟು ಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ, ಮೇಲಿರುವುದನ್ನು ಸೀಳುತ್ತದೆ. ಗಟ್ಟಿ ನೆಲ ಸಿಗುವವರೆಗೆ ಆ ಮಣ್ಣನ್ನು ತೆಗೆದು ಬೋಲ್ಡರು ಕಲ್ಲು ತುಂಬಿಸಿ. ಅದರ ಮೇಲೆ ಗರಸು ಮಣ್ಣು ಹಾಕಿ, ನೀರು ಚಿಮುಕಿಸಿ, ಕಾಲು ಊರಿದರೆ ಗುರುತು ಬೀಳದ ಹಾಗೆ ದಿಮ್ಮಸಿನಿಂದ ಬಡಿದು ಗಟ್ಟಿ ಮಾಡಬೇಕು. ತಳ ಕುಂತರೆ ಮೇಲಿನದ್ದು ನಿಲ್ಲುವುದಿಲ್ಲ.

ಕಾಂಕ್ರೀಟಿನ ಮೇಲ್ಮೈ ಕೊಟ್ಟಿಗೆಯ ನೆಲಕ್ಕಿಂತ ಎರಡು ಬೆರಳು ತಗ್ಗಿರಬೇಕು. ಅಲ್ಲಿಂದ ಹೊರಕ್ಕೆ, ಗಜಕ್ಕೆ ಒಂದು ಅಂಗುಲದಂತೆ ಇಳಿಯಬೇಕು. ಬಾಗಿಲ ಉದ್ದಕ್ಕೂ ಒಂದು ಅಡ್ಡ ಕಾಲುವೆ ತೆಗೆದು, ಮೇಲೆ ಕಬ್ಬಿಣದ ಜಾಲರಿ ಕೂರಿಸಿ, ನೀರನ್ನು ಪಕ್ಕದ ಚರಂಡಿಗೆ ಬಿಡಲಿ. ಮಳೆ ಬಾಗಿಲಿಗೆ ಬಡಿದರೂ ಹೊಸ್ತಿಲು ದಾಟಬಾರದು. ಗೋಡೆಗೆ ಕಾಂಕ್ರೀಟನ್ನು ಅಂಟಿಸಬಾರದು, ನಡುವೆ ಡಾಂಬರು ಹಾಳೆ ಇಡಬೇಕು. ಎರಡೂ ಬೇರೆ ಬೇರೆ ಅಲುಗಾಡುತ್ತವೆ. ಕಲಸುವಾಗ ನೀರು ಕಡಿಮೆ. ಪಾಯಸದ ಹಾಗೆ ಸುರಿಯುವವನನ್ನು ಮನೆಗೆ ಕಳಿಸಿ.

ನುಣುಪು ಮಾತ್ರ ಬೇಡವೇ ಬೇಡ. ದನ ನಡೆಯುವ ಜಾಗಕ್ಕೆ ಯಾರಾದರೂ ನುಣುಪು ಕೊಡುತ್ತಾರಾ? ಹಸಿ ಇರುವಾಗಲೇ ತೆಂಗಿನ ಕಡ್ಡಿಯ ಪೊರಕೆಯಿಂದ ಅಡ್ಡಡ್ಡ ಗೆರೆ ಎಳೆಯಬೇಕು. ಆಮೇಲೆ ಗೋಣಿಚೀಲ ಹೊದಿಸಿ ಎರಡು ವಾರ ಒದ್ದೆ ಇಟ್ಟು, ಅಲ್ಲಿಯವರೆಗೆ ಎಮ್ಮೆಯನ್ನು ಬೇರೆ ಕಡೆ ಕಟ್ಟಲಿ.

ನಮ್ಮದಕ್ಕೆ ನುಣುಪು ಕೊಟ್ಟಿದ್ದೀರಲ್ಲ ಎಂದು ನೀವು ಕೇಳಬಹುದು. ಅದು ಮಗಳ ಮನೆ, ಚೆಂದ ಕಾಣಲಿ ಎಂದು.

ಪಾಲಣ್ಣ


ಹೊನ್ನಾಳಿ
18 ಆಗಸ್ಟ್ 2024

ಪಾಲಣ್ಣನವರೇ,

ಈ ಕಾಗದವನ್ನು ನಿಮ್ಮ ಮಗಳ ಕೈಗೆ ಕೊಟ್ಟಿಲ್ಲ. ಹೊನ್ನಾಳಿಯ ಬಸ್‌ಸ್ಟ್ಯಾಂಡಿನಲ್ಲಿ ಕೂತು ಬರೆದು ನಾನೇ ಡಬ್ಬಿಗೆ ಹಾಕುತ್ತಿದ್ದೇನೆ.

ವಿರೂಪಾಕ್ಷಪ್ಪನವರು ಕಾಂಕ್ರೀಟನ್ನೇ ಹಾಕಿಸಿಲ್ಲ. ಅವರ ಕೊಟ್ಟಿಗೆ ಒಣಗಿ ಬೆಚ್ಚಗಿದೆ. ನೀರು ನಿಂತಿರುವುದು ನನ್ನ ಕೊಟ್ಟಿಗೆಯಲ್ಲಿ. ಸೀಳು ಬಿಟ್ಟಿರುವುದು ನೀವು ಹಾಕಿದ ಕಾಂಕ್ರೀಟು. ನೀವು ಕತ್ತೆ ಎಂದು ಬರೆದದ್ದು ಯಾರನ್ನು ಎಂದು ಇನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಬೀಗರಿಗೆ ಇಂಥ ಮಾತು ಬರೆಯಬಾರದು. ಬರೆಯದೆ ಇದ್ದು ಇದ್ದು ನನ್ನ ತಲೆ ಕೆಟ್ಟಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ತೊಟ್ಟಿ ನಮ್ಮ ಊರಿನ ಒಂದು ಮಳೆಗೆ ಸಾಲದು. ನಿಮಗೆ ನೀರು ಬರುವುದೇ ಕಷ್ಟ, ನಮಗೆ ನೀರು ಹೋಗುವುದು ಕಷ್ಟ. ಇಷ್ಟು ತಿಳಿಯಲು ಒಂದು ದಿನ ನಮ್ಮ ಕಾಲುವೆ ಕಡೆ ನಡೆದು ಬಂದಿದ್ದರೆ ಸಾಕಿತ್ತು. ನೀವು ಬಂದ ಗಳಿಗೆಯಿಂದ ಕರಣೆ ಹಿಡಿದಿರಿ, ತಲೆ ಎತ್ತಲಿಲ್ಲ. ನಾನಾದರೂ ಆಗಲೇ ಕೇಳಬಹುದಿತ್ತು. ಬೀಗರ ಕೆಲಸಕ್ಕೆ ಬಾಯಿ ಹಾಕಬಾರದು ಎಂದು ಸುಮ್ಮನಿದ್ದೆ. ನನ್ನ ಆ ಮರ್ಯಾದೆಗೆ ಬೆಂಕಿ ಬೀಳಲಿ.

ಜೂನಿನಲ್ಲೇ ಒಡೆಸೋಣವೆಂದು ಊರಿನ ಗಾರೆ ಸಿದ್ದೇಶನನ್ನು ಕರೆಸಿದ್ದೆ. ನಿಮ್ಮ ಮಗಳು ಓಡಿ ಬಂದು ಕಾಂಕ್ರೀಟಿನ ಮೇಲೆ ನಿಂತುಬಿಟ್ಟಳು.

"ಅತ್ತೆ, ಇದನ್ನ ಒಡೆದ್ರೆ ನಮ್ಮಪ್ಪ ಈ ಮನಿ ಕಡೆ ತಲೆ ಹಾಕಿ ಮಲಗಲ್ಲ. ಕೊನೇ ಕೆಲ್ಸ ಅಂತ ಊರೆಲ್ಲ ಹೇಳ್ಕಂಡೈತೆ. ಅಪ್ಪಂಗೆ ತಿಳಿಸಾಕೂ ಹೋಗಬ್ಯಾಡ್ರಿ, ನನ್ನಾಣೆ."

"ಮತ್ತೆ ನೀರು?" ಅಂದೆ.

"ನಾನು ಮೊಗೆದು ಹಾಕ್ತೀನಿ ಬಿಡ್ರಿ. ಮಳೆ ಏನು ವರ್ಷಪೂರ್ತಿ ಇರತೈತಾ?"

ಸಿದ್ದೇಶ ಸುತ್ತಿಗೆ ಹೊತ್ತುಕೊಂಡು ವಾಪಸು ಹೋದ. ನನ್ನ ಮಗ ಪ್ರದೀಪನನ್ನು ಕೇಳಿದರೆ "ಅತ್ತೆ ಸೊಸೆ ಮಧ್ಯೆ ನಾನು ಬರಲ್ಲವ್ವ" ಎಂದು ಬೈಕು ಹತ್ತಿದ. ಅಂದಿನಿಂದ ಇಂದಿನವರೆಗೆ, ಮಳೆ ಬಂದ ಪ್ರತಿ ಬೆಳಿಗ್ಗೆ, ಮನೆಯಲ್ಲಿ ಯಾರೂ ಏಳುವ ಮುಂಚೆ ಅವಳು ಎದ್ದು ಕೊಟ್ಟಿಗೆಯ ನೀರನ್ನು ಚೊಂಬಿನಲ್ಲಿ ಮೊಗೆದು ಬಕೆಟಿಗೆ ತುಂಬಿ ಹೊರಗೆ ಚೆಲ್ಲುತ್ತಾಳೆ. ನಾನು ಎದ್ದು ಬರುವಷ್ಟರಲ್ಲಿ ಸೆರಗು ಹಿಂಡಿಕೊಂಡು ಏನೂ ಆಗದವಳ ಹಾಗೆ ಸಗಣಿ ಬಾಚಲು ಕೂತಿರುತ್ತಾಳೆ. ನಾನೂ ಏನೂ ಕಾಣದವಳ ಹಾಗೆ ನಟಿಸಿದೆ. ನಟಿಸಿ ನಟಿಸಿ ಸಾಕಾಗಿದೆ. ಅವಳ ಕಾಲ್ಬೆರಳ ಸಂದುಗಳು ನೀರಿನಲ್ಲಿ ನೆನೆದು ಕೊಳೆತಿವೆ. ಅರಿಶಿನ ಎಣ್ಣೆ ಹಚ್ಚಿದರೆ ಮಾರನೇ ದಿನ ಮತ್ತೆ ನೀರಿಗೇ ಇಳಿಯುತ್ತಾಳೆ.

ಮೊನ್ನೆ ಎಮ್ಮೆ ಜಾರಿ ಮುಂಗಾಲಿನ ಮೇಲೆ ಕುಸಿಯಿತು. ಪುಣ್ಯಕ್ಕೆ ಎದ್ದಿತು. ಅದನ್ನು ಹಿಡಿಯಲು ಹೋದ ಚೈತ್ರಾಳೂ ಬಿದ್ದು ಮೊಣಕೈ ತರಚಿಕೊಂಡಳು. "ಅಪ್ಪಂಗೆ ಬರೀಬ್ಯಾಡ್ರಿ ಅತ್ತೆ" ಅನ್ನುವುದೇ ಬಿದ್ದಲ್ಲಿಂದ ಬಂದ ಮೊದಲ ಮಾತು. ಆಣೆ ಮುರಿದ ಪಾಪ ನನಗಿರಲಿ. ನಿಮ್ಮ ಕಾಂಕ್ರೀಟಿಗಿಂತ ನನಗೆ ನನ್ನ ಸೊಸೆ ಹೆಚ್ಚು.

ಹೇಗೆ ಮಾಡಬೇಕು ಎಂದು ನೀವೇ ಬರೆದು ಕಳಿಸಿದ್ದೀರಿ. ಅದರಲ್ಲಿ ಒಂದು ಅಕ್ಷರ ತಪ್ಪಿಲ್ಲ ಅಂತಾನೆ ಸಿದ್ದೇಶ. ಒಡೆಸಲು ಒಪ್ಪಿಗೆ ಕೊಡಿ, ಅಥವಾ ಕೊಡಬೇಡಿ. ಅದನ್ನಾದರೂ ಬೇಗ ಬರೆಯಿರಿ.

ದುರುಗಮ್ಮ


ಜಗಳೂರು
19 ಸೆಪ್ಟೆಂಬರ್ 2024

ದುರುಗಮ್ಮನವರಿಗೆ,

ನಿಮ್ಮ ಕಾಗದ ಬಂದು ತಿಂಗಳಾಯಿತು. ಓದಿದ ದಿನ ಹರಿದು ಹಾಕಿದೆ. ಮಾರನೇ ದಿನ ಚೂರುಗಳನ್ನು ಹೆಕ್ಕಿ ಜೋಡಿಸಿಕೊಂಡು ಮತ್ತೆ ಓದಿದೆ. ನಿಮ್ಮ ಮೇಲೆ ಸಿಟ್ಟು ಬರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ನಲವತ್ತು ವರ್ಷ ಈ ಕೆಲಸ ಮಾಡಿದವನಿಗೆ ಹೆಂಗಸೊಬ್ಬಳು ಹೀಗೆ ಬರೆದಳಲ್ಲ ಎಂದು ಕುದ್ದುಹೋದೆ. ಕಟ್ಟೆಯ ಕಡೆಗೆ ಹೋಗುವುದನ್ನು ಬಿಟ್ಟೆ.

ಮುಂದಿನ ವಾರದ ಕೊನೆಗೆ ಬರುತ್ತೇನೆ. ಮಗ ಬೇಡ ಅಂದ, ಅಟ್ಟದಿಂದ ಸಾಮಾನು ನಾನೇ ಇಳಿಸಿಕೊಂಡೆ. ನ್ಯಾಮತಿ ಕಡೆಯಿಂದ ಒಂದು ಟ್ರ್ಯಾಕ್ಟರು ಬೋಲ್ಡರು, ಒಂದು ಗರಸು ತರಿಸಿಡಿ. ಜಾಲರಿಯನ್ನು ಹೊನ್ನಾಳಿಯಲ್ಲಿ ವೆಲ್ಡಿಂಗ್ ಮಾಡಿಸಿ. ಸಿದ್ದೇಶನನ್ನು ಕರೆಸಿ. ಅವನು ಕಲಸಲಿ, ಹೊರಲಿ. ಒಡೆಯುವುದು ಮಾತ್ರ ನಾನು. ಎಮ್ಮೆಯನ್ನು ವಿರೂಪಾಕ್ಷಪ್ಪನವರ ಕೊಟ್ಟಿಗೆಯಲ್ಲಿ ಕಟ್ಟಿ.

ಚೈತ್ರಾಗೆ ಹೇಳಿ, ನಾನು ಬರುವವರೆಗೆ ಒಂದು ಚೊಂಬು ನೀರನ್ನೂ ಮೊಗೆಯಬಾರದು. ನಿಂತದ್ದು ನಿಂತಿರಲಿ. ನಾನು ನೋಡಬೇಕು.

ಪಾಲಣ್ಣ


ಸಾಸ್ವೆಹಳ್ಳಿ
20 ಅಕ್ಟೋಬರ್ 2024

ಪಾಲಣ್ಣನವರಿಗೆ,

ಕೆಲಸದ ಮಟ್ಟಿಗೆ ನಿಮಗೆ ನೂರು ನಮಸ್ಕಾರ. ಎರಡು ವಾರ ಗೋಣಿಚೀಲ ಒಣಗದ ಹಾಗೆ ನೋಡಿಕೊಂಡೆವು. ಮೊನ್ನೆ ಹಿಂಗಾರು ಮಳೆ ಬೆಳಗಿನವರೆಗೂ ಹೊಡೆಯಿತು. ನೀರು ಬಾಗಿಲವರೆಗೆ ಬಂದದ್ದು ಜಾಲರಿಯಲ್ಲಿ ಇಳಿದು ಚರಂಡಿಗೆ ಹೋಯಿತು, ಉಳಿದದ್ದು ಬೆನ್ನು ತಿರುಗಿಸಿ ಅಂಗಳಕ್ಕೇ ಹೋಯಿತು. ಒಳಗೆ ಹುಲ್ಲು ಸಹ ನೆನೆದಿಲ್ಲ. ಎಮ್ಮೆ ಮೊದಲ ದಿನ ಮೂಸಿ ನೋಡಿತು, ಆಮೇಲೆ ತಾನೇ ನಡೆದು ಬಂತು. ಹೆಣ್ಣು ಕರು ಹಾಕಿದೆ.

ಇನ್ನು ಬೈಗುಳದ ಮಟ್ಟಿಗೆ ಕೇಳಿ. ಬಂದಿರಿ, ಚಪ್ಪಲಿ ಬಿಟ್ಟು ಆ ನೀರಿನಲ್ಲಿ ಬಹಳ ಹೊತ್ತು ನಿಂತಿರಿ, ಸುತ್ತಿಗೆ ಎತ್ತಿಕೊಂಡಿರಿ. ಇದ್ದಷ್ಟು ದಿನವೂ ಸಿದ್ದೇಶನ ಜೊತೆ ಕೈಸನ್ನೆ ಮಾಡಿದಿರಿ. ಮಗಳು ತಟ್ಟೆ ತಂದಿಟ್ಟರೆ ತಲೆ ತಗ್ಗಿಸಿ ಉಂಡಿರಿ. ಒಂದು ಮಾತು? ಒಂದೇ ಒಂದು ಮಾತು? ಹೊರಡುವಾಗ ಬಸ್ಸಿನ ಕಿಟಕಿಯಿಂದಲೂ ತಿರುಗಿ ನೋಡಲಿಲ್ಲ. ಅವಳು ಬಸ್ಸು ತಿರುವು ದಾಟುವವರೆಗೂ ನಿಂತಿದ್ದಳು.

ಮನೆಗೆ ಬಂದು ನನ್ನನ್ನು ಕೇಳಿದಳು. "ಅಪ್ಪಂಗೆ ಹೇಳಿದ್ದು ನೀವೇ ಅಲ್ವಾ ಅತ್ತೆ?"

"ಹೂಂ, ನಾನೇ" ಅಂದೆ.

"ನಮ್ಮಪ್ಪ ನನ್ನ ಮಕ ನೋಡದಂಗೆ ಹೋತು. ಈಗ ಸಮಾಧಾನ ಆತಾ ನಿಮಗೆ?"

ಅಂದಿನಿಂದ ನನ್ನ ಜೊತೆ ಮಾತಿಲ್ಲ. ಊಟಕ್ಕೆ ಕರೆಯುವುದೂ ಗೋಡೆಯನ್ನು ನೋಡಿಕೊಂಡೇ. ನೀವು ಅವಳ ಮೇಲೆ ಮುನಿಸಿಕೊಂಡು ಹೋದಿರಿ ಎಂದು ಅವಳು ತಿಳಿದಿದ್ದಾಳೆ. ಮೊನ್ನೆ ಮಳೆಗೂ ಹಳೆಯ ಅಭ್ಯಾಸದಂತೆ ಎದ್ದು ಚೊಂಬು ಹಿಡಿದು ಹೋದಳು. ಮೊಗೆಯಲು ನೀರಿರಲಿಲ್ಲ. ಬಾಗಿಲಲ್ಲೇ ಕೂತು ಅತ್ತಳು. ನಾನು ಹೋಗಿ ಪಕ್ಕದಲ್ಲಿ ಕೂತೆ, ಎದ್ದು ಒಳಗೆ ಹೋದಳು.

ನನಗೂ ನಿಮಗೂ ನಡುವೆ ಇಷ್ಟು ಕಾಗದ ಓಡಾಡಿವೆ. ಎಲ್ಲದರಲ್ಲೂ ಇರುವವಳು ಅವಳು, ಒಂದಾದರೂ ಅವಳ ಹೆಸರಿಗೆ ಬಂದಿಲ್ಲ. ಇನ್ನು ಮೇಲೆ ನನಗೆ ಬರೆಯಬೇಡಿ. ಬರೆದರೆ ಒಡೆಯುವುದಿಲ್ಲ, ಹಾಗೇ ವಾಪಸು ಕಳಿಸುತ್ತೇನೆ. ಅವಳಿಗೆ ಬರೆಯಿರಿ.

ದುರುಗಮ್ಮ


ಜಗಳೂರು
2 ನವೆಂಬರ್ 2024

ಮಗಳು ಚೈತ್ರಶ್ರೀಗೆ,

ನಿನಗೆ ಕಾಗದ ಬರೆಯುತ್ತಿರುವುದು ಇದೇ ಮೊದಲು. ಕೊಟ್ಟ ಹೆಣ್ಣಿಗೆ ಏನು ಬರೆಯಬೇಕೋ ತಿಳಿಯದೆ ನಿನ್ನ ಅತ್ತೆಗೇ ಬರೆದುಕೊಂಡು ಬಂದೆ.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಬಂದ ದಿನ ಆ ನೀರಿನಲ್ಲಿ ನಿಂತಾಗ ನೀನು ಎದುರಿಗೆ ಬಂದು ನಿಂತೆ. ನಿನ್ನ ಕಾಲ್ಬೆರಳುಗಳನ್ನು ನೋಡಿದೆ. ಆಮೇಲೆ ನಿನ್ನ ಮುಖ ನೋಡಲು ನನಗೆ ನಾಚಿಕೆಯಾಯಿತು. ಅದೇ ಕಾರಣ, ಬೇರೆ ಏನೂ ಇಲ್ಲ. ಬಸ್ಸಿನಲ್ಲಿ ತಿರುಗಿ ನೋಡಿದ್ದರೆ ಇಳಿದು ಬಂದುಬಿಡುತ್ತಿದ್ದೆ.

ನನ್ನ ಮರ್ಯಾದೆ ಕಾಯಲು ನೀನು ನೀರು ಮೊಗೆದೆ. ಮಗಳೇ, ಅಂಥ ಮರ್ಯಾದೆ ನನಗೆ ಬೇಡ. ಅತ್ತೆಯ ಮೇಲೆ ಮುನಿಸು ಬಿಡು. ಅವರು ಬರೆಯದಿದ್ದರೆ ನಾನು ಇನ್ನೂ ಕಟ್ಟೆಯ ಮೇಲೆ ಕೂತು ಜಂಬ ಕೊಚ್ಚುತ್ತಿದ್ದೆ, ನೀನು ಇನ್ನೂ ಬಕೆಟು ಹೊರುತ್ತಿದ್ದೆ.

ಹೊಸ ಕಾಂಕ್ರೀಟಿನ ಎಡಮೂಲೆಯ ಮೇಲೆ ನನಗೆ ಪೂರ್ತಿ ನಂಬಿಕೆ ಇಲ್ಲ. ಅಲ್ಲಿ ಎಷ್ಟು ತೆಗೆದರೂ ಮಣ್ಣು ಮೆತ್ತಗೇ ಇತ್ತು. ಬೇಸಿಗೆಯಲ್ಲಿ ಬಿರುಕು ಬಂದರೂ ಬರಬಹುದು. ಬಂದರೆ ಅದರ ಮೇಲೆ ಹುಲ್ಲು ಹಾಕಿ ಮುಚ್ಚಬೇಡ. ನನಗೆ ಕಿವಿ ಹೋಗಿದೆ, ಓದಲು ಕಣ್ಣಿದೆ. ಮೊದಲು ನೀನೇ ಬರೆ.

ಅಪ್ಪ